ಕೆಂಪು ದೀಪ ಹೊತ್ತುವ ಮುನ್ನ: ಆಯಿಲ್ ಪ್ರೆಷರ್ ಮೀಟರ್ ಕೂರಿಸುವವರಿಗೆ ಯಶಸ್ಸಿನ ಸೂತ್ರಗಳು

ಇಂದಿನ ಬಹುತೇಕ ಕಾರುಗಳಲ್ಲಿ ಎಂಜಿನ್ ಆಯಿಲ್‌ನ ಒತ್ತಡದ ಬಗ್ಗೆ ಓಡಿಸುವವರಿಗೆ ಸಿಗುವ ಸುದ್ದಿ ಒಂದೇ: ಎಣ್ಣೆ ಗಿಂಡಿಯ ಕೆಂಪು ದೀಪ. ಅದನ್ನು ಹೊತ್ತಿಸುವ ಸ್ವಿಚ್ಚು ಸಾಮಾನ್ಯವಾಗಿ ಒತ್ತಡ 4ರಿಂದ 7 ಪಿಎಸ್‌ಐಗೆ ಇಳಿಯುವವರೆಗೂ ಸುಮ್ಮನಿರುತ್ತದೆ. ಹೆದ್ದಾರಿಯಲ್ಲಿ 3,000 ಆರ್‌ಪಿಎಂನಲ್ಲಿ ಓಡುತ್ತಿರುವ ಎಂಜಿನ್‌ನಲ್ಲಿ 45 ಪಿಎಸ್‌ಐ ಇರಬೇಕಾದದ್ದು 12ಕ್ಕೆ ಕುಸಿದರೂ ದೀಪ ಹೊತ್ತುವುದಿಲ್ಲ. ಹೊತ್ತುವಷ್ಟರಲ್ಲಿ ಬೇರಿಂಗ್ ಸವೆದು, ಕ್ರ್ಯಾಂಕ್ ಗೀಚಿ, ಎಂಜಿನ್ ಬಿಚ್ಚಿಸುವ ಖರ್ಚು ಎದುರಿಗೆ ಬಂದು ನಿಂತಿರುತ್ತದೆ.

ಹಳೆಯ ವಿಲ್ಲಿಸ್ ಜೀಪಿನಲ್ಲಿ ಈ ಒತ್ತಡ ತೋರಿಸಲೆಂದೇ ಒಂದು ಮೀಟರ್ ಇತ್ತು. ಆಮೇಲಿನ ಕಾರುಗಳಲ್ಲಿ ಅದು ಮರೆಯಾಯಿತು. ಉಳಿದ ಕೆಲವು ಕಡೆ ಹೆಸರಿಗಷ್ಟೇ ಉಳಿಯಿತು. ಮಜ್ದಾದ ಮಿಯಾಟಾ 1990ರಿಂದ 1994ರ ಮಾದರಿಯವರೆಗೆ ನಿಜವಾದ ಮೀಟರ್ ಹೊತ್ತು ಬಂತು. 1995ರಿಂದ ಮುಳ್ಳು ಬರೀ ಸ್ವಿಚ್ಚಿನ ಮಾತು ಕೇಳಿ ಮಧ್ಯದಲ್ಲಿ ನಿಲ್ಲತೊಡಗಿತು, ನೋಡುವವರಿಗೆ ಎಲ್ಲ ಸರಿಯಿದೆ ಎನಿಸುವಂತೆ. ಎಂಜಿನ್ ಮೇಲೆ ಅಕ್ಕರೆಯಿರುವವರು ಹೊರಗಿನಿಂದ ಮೀಟರ್ ತಂದು ಕೂರಿಸಿಕೊಳ್ಳುವುದು ಇದಕ್ಕೇ.

ಒಳ್ಳೆಯ ಕೆಲಸ. ಒಂದು ಮಾತು ಮಾತ್ರ ಮೊದಲೇ ಹೇಳಬೇಕು. ಮೀಟರ್ ಕೂರಿಸುವುದೆಂದರೆ ಒತ್ತಡದಲ್ಲಿ ಹರಿಯುವ ಎಣ್ಣೆಯ ದಾರಿಯಲ್ಲಿ ಹೊಸದೊಂದು ಜೋಡಣೆ ಸೇರಿಸುವುದು. ಆ ಜೋಡಣೆ ಮುರಿದರೆ ನೋಡನೋಡುತ್ತ ಎಂಜಿನ್ ತಳದ ಎಣ್ಣೆ ಚೇಂಬರ್ ಖಾಲಿಯಾಗುತ್ತದೆ. ಎಂಜಿನ್ ಕಾಯಲು ತಂದ ಮೀಟರೇ ಎಂಜಿನ್ ಕೊಂದ ಪ್ರಸಂಗಗಳು ಗ್ಯಾರೇಜಿನವರಿಗೆ ಹೊಸದಲ್ಲ. ಹಾಗಾಗಿ ಇಲ್ಲಿನ ಸೂತ್ರಗಳಲ್ಲಿ ಹೆಚ್ಚಿನ ಜಾಗ ಮೀಟರಿಗಲ್ಲ, ಆ ಜೋಡಣೆಗೆ. ಉದಾಹರಣೆಗೆ ಮಾರುತಿ ಜಿಪ್ಸಿಯನ್ನು ಇಟ್ಟುಕೊಂಡಿದ್ದೇನೆ: ನಮ್ಮ ಮಲೆನಾಡಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಗಾಡಿ, ಬಾನೆಟ್ ಕೆಳಗೆ ಕೈಯಾಡಿಸಲು ಜಾಗವಿರುವ ಗಾಡಿ.

1. ಅಳೆಯುತ್ತಿರುವುದು ಏನನ್ನು ಎಂದು ತಿಳಿದುಕೊಳ್ಳಿ

ಆಯಿಲ್ ಪಂಪು ಎಣ್ಣೆಯನ್ನು ತಳ್ಳುತ್ತದೆ, ಅಷ್ಟೆ. ಒತ್ತಡ ಹುಟ್ಟುವುದು ಆ ಎಣ್ಣೆ ಬೇರಿಂಗ್‌ಗಳ ಕಿರಿದಾದ ಸಂದುಗಳಲ್ಲಿ ನುಸುಳಬೇಕಾಗಿ ಬಂದಾಗ. ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ಆಗುವುದು ಇದೇ. ಬೇರಿಂಗ್ ಸವೆದು ಸಂದು ಅಗಲವಾದರೆ ಒತ್ತಡ ಇಳಿಯುತ್ತದೆ. ಎಣ್ಣೆ ಕಾದು ತೆಳುವಾದರೂ ಇಳಿಯುತ್ತದೆ. ಎಂಜಿನ್ ವೇಗ ಹೆಚ್ಚಿದರೆ ಏರುತ್ತದೆ, ಒಂದು ಮಟ್ಟದವರೆಗೆ; ಅಲ್ಲಿಂದಾಚೆ ರಿಲೀಫ್ ವಾಲ್ವ್ ತೆರೆದುಕೊಂಡು ಹೆಚ್ಚಿನ ಎಣ್ಣೆಯನ್ನು ವಾಪಸ್ ಬಿಡುತ್ತದೆ.

ಮೀಟರ್ ಎಣ್ಣೆಯ ಪ್ರಮಾಣವನ್ನು ಹೇಳುವುದಿಲ್ಲ. ಎಣ್ಣೆ ಕಡಿಮೆಯಿದ್ದರೂ ಪಂಪಿನ ಬಾಯಿ ಮುಳುಗಿರುವವರೆಗೆ ಮುಳ್ಳು ಚೆನ್ನಾಗಿಯೇ ನಿಂತಿರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡುವ ಅಭ್ಯಾಸ ಬಿಡಬೇಡಿ.

2. ಎಣ್ಣೆಯೇ ಒಳಗೆ ಬರುವ ಮೀಟರೋ, ವೈರಿನ ಮೀಟರೋ: ಆರಿಸಿಕೊಳ್ಳಿ

ಫ್ರಾನ್ಸಿನ ಯೂಜೀನ್ ಬೂರ್ದಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯವೊಂದು ಇಂದಿಗೂ ಮೆಕ್ಯಾನಿಕಲ್ ಮೀಟರಿನೊಳಗೆ ಕೆಲಸ ಮಾಡುತ್ತಿದೆ. ಕುಡುಗೋಲಿನಾಕಾರದಲ್ಲಿ ಬಾಗಿಸಿದ ಚಪ್ಪಟೆ ಕೊಳವೆಗೆ ಒತ್ತಡ ಬಂದರೆ ಅದು ನೆಟ್ಟಗಾಗಲು ನೋಡುತ್ತದೆ; ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ. ಬ್ಯಾಟರಿ ಬೇಡ, ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಸೆಂಡರ್ ಬೇಡ, ಸುಳ್ಳು ಹೇಳುವುದು ಅಪರೂಪ. ತೊಂದರೆಯೆಂದರೆ ಬಿಸಿ ಎಣ್ಣೆ ತೆಳು ನಳಿಕೆಯಲ್ಲಿ ಡ್ಯಾಶ್‌ಬೋರ್ಡ್‌ವರೆಗೆ ಬರಬೇಕು. ನೈಲಾನ್ ನಳಿಕೆ ಸೈಲೆನ್ಸರ್ ಮ್ಯಾನಿಫೋಲ್ಡಿಗೆ ತಾಗಿದರೆ ಕರಗುತ್ತದೆ. ತಾಮ್ರದ್ದು ಎಂಜಿನ್ ಅದುರಾಟಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ಎರಡರಲ್ಲೂ ಎಣ್ಣೆ ಚಿಮ್ಮುವುದು ನಿಮ್ಮ ಮೊಣಕಾಲಿನ ಮೇಲೆ.

ವಿದ್ಯುತ್ ಮೀಟರಿನಲ್ಲಿ ಎಣ್ಣೆ ಎಂಜಿನ್ ಬಳಿಯೇ ಉಳಿಯುತ್ತದೆ, ಒಳಗೆ ಬರುವುದು ವೈರು ಮಾತ್ರ. ದಿನಬಳಕೆಯ ಗಾಡಿಗೆ, ಮನೆಮಂದಿ ಕೂರುವ ಗಾಡಿಗೆ ನನ್ನ ಸಲಹೆ ಇದೇ. ಮೆಕ್ಯಾನಿಕಲ್ ಮೀಟರ್ ಒಂದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ; ಅನುಮಾನ ಬಂದಾಗ ತಾಳೆ ನೋಡಲು ಅದಕ್ಕಿಂತ ನಂಬಿಕಸ್ಥ ಉಪಕರಣವಿಲ್ಲ.

3. ಮೀಟರನ್ನೂ ಸೆಂಡರನ್ನೂ ಜೋಡಿಯಾಗಿಯೇ ಕೊಳ್ಳಿ

ಅಂಗಡಿಯವರು ‘ಯಾವ ಸೆಂಡರ್ ಆದ್ರೂ ಆಗುತ್ತೆ ಸಾರ್’ ಎಂದರೆ ನಂಬಬೇಡಿ. ವಿಡಿಒ ಮಾದರಿಯ ಸೆಂಡರ್ ಸೊನ್ನೆ ಒತ್ತಡದಲ್ಲಿ 10 ಓಮ್, ಪೂರ್ತಿ ಒತ್ತಡದಲ್ಲಿ 180 ಓಮ್ ತೋರಿಸುತ್ತದೆ. ಅಮೆರಿಕದ ಪದ್ಧತಿ ತಿರುಗುಮುರುಗು: ಸೊನ್ನೆಯಲ್ಲಿ 240, ಪೂರ್ತಿಯಲ್ಲಿ 33. ಒಂದರ ಮೀಟರಿಗೆ ಇನ್ನೊಂದರ ಸೆಂಡರ್ ಕೊಟ್ಟರೆ ಒತ್ತಡ ಏರಿದಂತೆ ಮುಳ್ಳು ಇಳಿಯುತ್ತದೆ. ಅಷ್ಟು ಎದ್ದು ಕಾಣುವ ತಪ್ಪನ್ನು ಹಿಡಿಯಬಹುದು. ಹಿಡಿಯಲಾಗದ್ದು ಇನ್ನೊಂದಿದೆ: 10–180 ಓಮ್ ಸೆಂಡರ್‌ಗಳಲ್ಲೇ 5 ಬಾರ್‌ನದೂ ಇದೆ, 10 ಬಾರ್‌ನದೂ ಇದೆ. ಅದಲುಬದಲಾದರೆ ಮುಳ್ಳು ಸರಿಯಾದ ದಿಕ್ಕಿನಲ್ಲೇ ಓಡುತ್ತದೆ, ಅಂಕಿ ಮಾತ್ರ ಇಮ್ಮಡಿ ಅಥವಾ ಅರ್ಧ. ಸೆಂಡರಿನ ಮೈಮೇಲೆ ಕೊರೆದಿರುವ ಅಂಕಿ ಓದಿಯೇ ದುಡ್ಡು ಕೊಡಿ.

ಮೂರು ವೈರಿನ ಎಲೆಕ್ಟ್ರಾನಿಕ್ ಸೆನ್ಸರ್‌ಗಳು ಬೇರೆಯೇ ಜಾತಿ, 0.5ರಿಂದ 4.5 ವೋಲ್ಟ್‌ನಲ್ಲಿ ಮಾತಾಡುತ್ತವೆ. ಅವುಗಳ ಮೀಟರಿಗೆ ಅವೇ ಬೇಕು.

4. ಅಳತೆಪಟ್ಟಿ ನಿಮ್ಮ ಎಂಜಿನ್‌ಗೆ ತಕ್ಕಂತಿರಲಿ

ಸಾಮಾನ್ಯ ಕಾರಿಗೆ 0–100 ಪಿಎಸ್‌ಐ, ಅಥವಾ 0–7 ಬಾರ್ ಸಾಕು. 150ರವರೆಗಿನ ಮೀಟರಿನಲ್ಲಿ ನಿಮಗೆ ನಿಜಕ್ಕೂ ಮುಖ್ಯವಾದ 10ರಿಂದ 30ರ ಭಾಗ ಒಂದು ಮೂಲೆಯಲ್ಲಿ ಮುದುಡಿರುತ್ತದೆ. ಲೆಕ್ಕಕ್ಕೆ ನೆನಪಿಡಿ: 1 ಬಾರ್ ಅಂದರೆ 14.5 ಪಿಎಸ್‌ಐ, ಅದೇ 100 ಕಿಲೋಪ್ಯಾಸ್ಕಲ್. ಹಳೆಯ ಕೈಪಿಡಿಗಳಲ್ಲಿ ಬರುವ ಚದರ ಸೆಂ.ಮೀ.ಗೆ 1 ಕೆ.ಜಿ. ಎಂಬುದು 14.2 ಪಿಎಸ್‌ಐ.

5. ಥ್ರೆಡ್ ವಿಷಯದಲ್ಲಿ ಅಂದಾಜು ಬೇಡವೇ ಬೇಡ

ಈ ಕೆಲಸದಲ್ಲಿ ಅತಿ ಹೆಚ್ಚು ಹಾಳಾಗುವುದು ಇಲ್ಲಿಯೇ. ಸೆಂಡರಿಗೆ ಎಣ್ಣೆ ಸಿಗುವುದು ಸಾಮಾನ್ಯವಾಗಿ ಕೆಂಪು ದೀಪದ ಆಯಿಲ್ ಸ್ವಿಚ್ಚು ಕೂತಿರುವ ತೂತಿನಿಂದ. ಜಪಾನೀ ಮೂಲದ ಎಂಜಿನ್‌ಗಳಲ್ಲಿ, ಎಂದರೆ ಮಾರುತಿ ಸುಜುಕಿ, ಟೊಯೊಟಾ, ಹೊಂಡಾಗಳಲ್ಲಿ, ಆಯಿಲ್ ಸ್ವಿಚ್ಚಿನ ಥ್ರೆಡ್ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ. ಆದರೆ ಪೆಟ್ಟಿಗೆಯಲ್ಲಿ ಬರುವ ಸೆಂಡರ್ ಹೆಚ್ಚಾಗಿ 1/8 ಎನ್‌ಪಿಟಿ, ಇಲ್ಲವೇ 1 ಮಿ.ಮೀ. ಪಿಚ್‌ನ ಎಂ10. ಮೂರೂ ಕಣ್ಣಿಗೆ ಒಂದೇ ಥರ. ಹೊರ ಅಳತೆ ಮೂರರದೂ 10 ಮಿ.ಮೀ. ಆಸುಪಾಸು. ವ್ಯತ್ಯಾಸ ಇರುವುದು ಸಾಲುಗಳಲ್ಲಿ: ಬಿಎಸ್‌ಪಿಟಿಯಲ್ಲಿ ಇಂಚಿಗೆ 28, ಎನ್‌ಪಿಟಿಯಲ್ಲಿ 27. ಸಾಲಿನ ಕೋನವೂ ಬೇರೆ, ಮೊದಲನೆಯದು 55 ಡಿಗ್ರಿ, ಎರಡನೆಯದು 60.

ಎನ್‌ಪಿಟಿಯನ್ನು ಬಿಎಸ್‌ಪಿಟಿ ತೂತಿಗೆ ತಿರುಗಿಸಿದರೆ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ‘ಬಿಗಿಯಾಯಿತು, ಸರಿಯಾಯಿತು’ ಎಂದುಕೊಂಡು ಪಾನಾ ಹಾಕಿ ಇನ್ನೊಂದು ಸುತ್ತು ತಿರುಗಿಸಿದರೋ, ಬ್ಲಾಕಿನ ಸಾಲುಗಳು ಕಿತ್ತುಬರುತ್ತವೆ. ಜಿಪ್ಸಿಯ 1.3 ಲೀಟರ್ ಎಂಜಿನ್ ಬ್ಲಾಕ್ ಅಲ್ಯೂಮಿನಿಯಂ. ಉಕ್ಕಿನ ಅಡಾಪ್ಟರ್ ಮುಂದೆ ಅದು ಯಾವ ಹೊತ್ತಿಗೂ ಸೋಲುತ್ತದೆ. ಐವತ್ತೋ ನೂರೋ ರೂಪಾಯಿಯ ತುಣುಕಿನಿಂದ ಬ್ಲಾಕ್ ಕೆಡಿಸಿಕೊಳ್ಳುವುದು ಮನಸ್ಸಿಗೆ ಬಹಳ ನೋವು ಕೊಡುವ ನಷ್ಟ.

ದಾರಿ ಸುಲಭವಿದೆ. ನಿಮ್ಮ ಗಾಡಿಯದೇ ಹೊಸ ಆಯಿಲ್ ಸ್ವಿಚ್ಚೊಂದನ್ನು ಮೊದಲು ಕೊಳ್ಳಿ. ಅದನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೋ, ಎಸ್‌ಜೆಪಿ ರಸ್ತೆಯ ಫಿಟಿಂಗ್ಸ್ ಅಂಗಡಿಗೋ ಹೋಗಿ. ಬೇರೆ ಊರಿನವರಾದರೆ ಹೈಡ್ರಾಲಿಕ್ ಹೋಸ್ ಮಾಡಿಕೊಡುವವರಲ್ಲಿಗೆ. ಕೌಂಟರಿನ ಮೇಲೆಯೇ ಪಿಚ್ ಗೇಜ್ ಇಟ್ಟು ನೋಡಿಸಿ. ಸಿಗದಿದ್ದರೆ ಒಳ್ಳೆಯ ಲೇತ್ ಅಂಗಡಿಯ ಟರ್ನರ್‌ಗೆ ಆ ಸ್ವಿಚ್ಚನ್ನು ಮಾದರಿಯಾಗಿ ಕೊಡಿ. ಒಂದು ಕಡೆ ಬಿಎಸ್‌ಪಿಟಿ, ಇನ್ನೊಂದು ಕಡೆ ಎನ್‌ಪಿಟಿ ಇರುವ ಅಡಾಪ್ಟರ್ ಮಾಡಿಕೊಡುವುದು ಅವರಿಗೆ ಕಷ್ಟವಲ್ಲ. ಮನೆಗೆ ತಂದ ಮೇಲೆ ಬರಿಗೈಯಲ್ಲಿ ತಿರುಗಿಸಿ ನೋಡಿ. ಹಳೆಯ ಸ್ವಿಚ್ಚು ಬೆರಳಿನಲ್ಲೇ ಎಷ್ಟು ಸುತ್ತು ಹೋಗುತ್ತದೋ ಅಡಾಪ್ಟರೂ ಹೆಚ್ಚುಕಡಿಮೆ ಅಷ್ಟೇ ಹೋಗಬೇಕು.

6. ಭಾರದ ಸೆಂಡರನ್ನು ಬ್ಲಾಕಿಗೆ ನೇತುಹಾಕಬೇಡಿ

ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಒಂದೇ ಒಂದು ಸೂತ್ರ ಪಾಲಿಸುವುದಾದರೆ ಇದನ್ನು ಪಾಲಿಸಿ.

ಬಹಳ ಜನ ಮಾಡುವುದು ಹೀಗೆ: ಸ್ವಿಚ್ ತೆಗೆದು, ‘ಟೀ’ ಎನ್ನುವ ಹಿತ್ತಾಳೆಯ ಕವಲು ಜೋಡಣೆ ಹಾಕಿ, ಒಂದು ಬಾಯಿಗೆ ಹಳೆಯ ಸ್ವಿಚ್ಚು, ಇನ್ನೊಂದಕ್ಕೆ ಸೆಂಡರ್. ನೋಡಲು ಅಚ್ಚುಕಟ್ಟು. ಆದರೆ ಡಬ್ಬಿಯಂಥ ಸೆಂಡರ್ ದಪ್ಪ, ಭಾರ. ಅದು ಬ್ಲಾಕಿನಿಂದ ಎರಡು ಮೂರು ಇಂಚು ಹೊರಗೆ ಚಾಚಿಕೊಂಡಿರುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ 3,000 ಆರ್‌ಪಿಎಂನಲ್ಲಿ ಓಡುವಾಗ ಅದರ ಮುಖ್ಯ ಕಂಪನ ಸುತ್ತಿಗೆ ಎರಡರಂತೆ ನಿಮಿಷಕ್ಕೆ 6,000. ಗಂಟೆಗೆ 3.6 ಲಕ್ಷ. ಅಷ್ಟೂ ಅದುರಾಟ ಬಂದು ಬೀಳುವುದು ಟೀಯ ಕುತ್ತಿಗೆಯ ಮೇಲೆ, ಅದೂ ಥ್ರೆಡ್ ಕೊರೆದು ಲೋಹ ತೆಳುವಾಗಿರುವ ಕಡೆ. ಹಿತ್ತಾಳೆ ಒಂದು ದಿನ ಬಿರುಕು ಬಿಡುತ್ತದೆ. ಮುನ್ಸೂಚನೆಯಾಗಿ ಎಣ್ಣೆ ಜಿನುಗುವುದೂ ಖಾತ್ರಿಯಿಲ್ಲ, ಕತ್ತರಿಸಿದಂತೆ ಮುರಿಯಬಹುದು.

ಸರಿಯಾದ ರೀತಿ: ಬ್ಲಾಕಿನ ತೂತಿಗೆ ಹಗುರವಾದ ಒಂದು ಉಕ್ಕಿನ ಅಡಾಪ್ಟರ್ ಮಾತ್ರ. ಅಲ್ಲಿಂದ ಸ್ಟೀಲ್ ಹೆಣಿಗೆಯ ಹೊದಿಕೆಯಿರುವ ಬಾಗುವ ಹೋಸ್. ಹೋಸಿನ ಇನ್ನೊಂದು ತುದಿಯಲ್ಲಿ ಟೀ ಮತ್ತು ಸೆಂಡರ್, ಅವು ಫೈರ್‌ವಾಲ್‌ಗೋ ಒಳ ಮಡ್‌ಗಾರ್ಡಿಗೋ ಬ್ರಾಕೆಟ್ಟಿನಲ್ಲಿ ಭದ್ರ. ಎಂಜಿನ್ ತನ್ನ ಮೌಂಟಿಂಗ್ ಮೇಲೆ ಎಷ್ಟು ಬೇಕಾದರೂ ಅಲುಗಾಡಲಿ, ಸೆಂಡರ್ ಸ್ಥಿರ. ಬ್ರೇಕ್ ಮತ್ತು ಹೈಡ್ರಾಲಿಕ್ ಹೋಸ್ ಮಾಡಿಕೊಡುವವರು ಇಂಥದ್ದನ್ನು ಅಳತೆಗೆ ಕತ್ತರಿಸಿ ಒತ್ತಿ ಕೊಡುತ್ತಾರೆ. ಬಿಸಿ ಎಂಜಿನ್ ಆಯಿಲಿಗೆ ಎಂದು ಹೇಳಿಯೇ ಮಾಡಿಸಿ. ಪೆಟ್ರೋಲ್ ಪೈಪಿನ ರಬ್ಬರಿಗೆ ಕ್ಲಿಪ್ ಬಿಗಿದು ಕೊಟ್ಟರೆ ವಾಪಸ್ ಕೊಡಿ.

ಹೋಸಿನ ಬಾಯಲ್ಲಿ 1 ಮಿ.ಮೀ. ತೂತಿನ ಚಿಕ್ಕ ರಿಸ್ಟ್ರಿಕ್ಟರ್ ಸೇರಿಸಿದರೆ ಇನ್ನೂ ಒಳ್ಳೆಯದು. ಮುಳ್ಳಿನ ನಡುಕ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಲಾಭ, ಮುಂದೆ ಹೋಸ್ ಸೀಳಿದರೂ ಎಣ್ಣೆ ಹೊರಬೀಳುವ ವೇಗ ಎಷ್ಟೋ ಪಾಲು ಕಡಿಮೆಯಾಗುತ್ತದೆ. ಗಾಡಿ ಬದಿಗೆ ಹಾಕಲು ನಿಮಗೆ ಸಮಯ ಸಿಗುತ್ತದೆ.

7. ಕಂಪನಿಯ ಕೆಂಪು ದೀಪವನ್ನು ಕಳೆಯಬೇಡಿ

ಮೀಟರ್ ಬಂತೆಂದು ಹಳೆಯ ಸ್ವಿಚ್ಚನ್ನು ಎಸೆಯುವವರಿದ್ದಾರೆ. ರಾತ್ರಿ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಯಾರ ಕಣ್ಣೂ ಮೀಟರಿನ ಮೇಲಿರುವುದಿಲ್ಲ. ದೀಪ ಮಾತ್ರ ಗಮನ ಸೆಳೆಯುತ್ತದೆ. ಟೀಯಲ್ಲಿ ಸ್ವಿಚ್ಚಿಗೂ ಜಾಗ ಇರಲಿ. ವಿಡಿಒದ ಕೆಲವು ಸೆಂಡರ್‌ಗಳಲ್ಲಿ ಎರಡು ಟರ್ಮಿನಲ್ ಇರುತ್ತವೆ: ‘ಜಿ’ ಮೀಟರಿಗೆ, ‘ಡಬ್ಲ್ಯೂಕೆ’ ದೀಪಕ್ಕೆ. ಅದಿದ್ದರೆ ಟೀ ಬೇಕಿಲ್ಲ.

8. ಸ್ಯಾಂಡ್‌ವಿಚ್ ಪ್ಲೇಟ್: ಇನ್ನೊಂದು ದಾರಿ

ಸ್ವಿಚ್ಚಿರುವ ಜಾಗಕ್ಕೆ ಕೈ ಹೋಗದಿದ್ದರೆ ಆಯಿಲ್ ಫಿಲ್ಟರಿಗೂ ಬ್ಲಾಕಿಗೂ ನಡುವೆ ತಟ್ಟೆಯೊಂದನ್ನು ಕೂರಿಸಿ ಅದರಿಂದ ಹೋಸ್ ತೆಗೆಯಬಹುದು. ಇಲ್ಲಿಯೂ ಥ್ರೆಡ್ ನೋಡಬೇಕು: ಮಾರುತಿ ಪೆಟ್ರೋಲ್ ಎಂಜಿನ್‌ಗಳ ಫಿಲ್ಟರ್ ಹೆಚ್ಚಾಗಿ 1.5 ಪಿಚ್‌ನ ಎಂ20, ಟೊಯೊಟಾಗಳಲ್ಲಿ ಬಹುಮಟ್ಟಿಗೆ ಇಂಚಿಗೆ 16 ಸಾಲಿನ ಮುಕ್ಕಾಲು ಇಂಚು. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೆ ಅಂಟಿಕೊಂಡು ಉಳಿದಿಲ್ಲ ಎಂದು ಬೆರಳಾಡಿಸಿ ಖಾತ್ರಿ ಮಾಡಿಕೊಳ್ಳಿ. ರಿಂಗಿನ ಮೇಲೆ ರಿಂಗ್ ಕೂತರೆ ಒತ್ತಡಕ್ಕೆ ಒಂದು ಹೊರಗೆ ನುಗ್ಗುತ್ತದೆ. ತಟ್ಟೆಯ ದಪ್ಪದಷ್ಟು ಫಿಲ್ಟರ್ ಹೊರಗೆ ಸರಿಯುವುದರಿಂದ ನೆಲಕ್ಕೂ, ಸುತ್ತಲಿನ ಭಾಗಗಳಿಗೂ ಎಷ್ಟು ಅಂತರ ಉಳಿಯಿತೆಂದು ನೋಡಿ. ಸ್ವಿಫ್ಟ್‌ನಂಥ ಕಾರುಗಳ 1.3 ಡೀಸೆಲ್ ಎಂಜಿನ್‌ನಲ್ಲಿ ಫಿಲ್ಟರ್ ಕಾಗದದ ಎಲಿಮೆಂಟ್ ರೂಪದಲ್ಲಿ ತನ್ನದೇ ಡಬ್ಬಿಯೊಳಗಿದೆ. ಅಲ್ಲಿ ಈ ತಟ್ಟೆ ಕೂರುವುದೇ ಇಲ್ಲ.

9. ಸೀಲಂಟ್ ಹಚ್ಚುವಾಗ ಕೈ ಬಿಗಿಹಿಡಿಯಿರಿ

ಬಿಎಸ್‌ಪಿಟಿ, ಎನ್‌ಪಿಟಿಗಳು ಮೊನೆಯ ಕಡೆ ಸಣ್ಣದಾಗುವ ಥ್ರೆಡ್‌ಗಳು. ಬಿಗಿದಂತೆ ತಾವೇ ಮುಚ್ಚಿಕೊಳ್ಳುತ್ತವೆ. ಎಣ್ಣೆ ತಡೆಯುವ ದ್ರವ ಸೀಲಂಟನ್ನು ತೆಳುವಾಗಿ ಸವರಿ, ಮೊದಲ ಎರಡು ಸಾಲು ಬಿಟ್ಟು. ಪ್ಲಂಬರ್‌ಗಳ ಬಿಳಿ ಟೇಪು ಬೇಡ. ಅದರ ಚೂರು ಎಣ್ಣೆಯೊಡನೆ ಹೊರಟರೆ ಯಾವುದಾದರೂ ಸಣ್ಣ ತೂತು ಮುಚ್ಚಬಹುದು. ಎಂ10 ನೇರ ಥ್ರೆಡ್. ಅದಕ್ಕೆ ತಾಮ್ರದ ವಾಷರ್ ಬೇಕು, ಸೀಲಂಟ್ ಅಲ್ಲ. ಇಷ್ಟು ಚಿಕ್ಕ ಥ್ರೆಡ್ಡಿಗೆ 12–15 ನ್ಯೂಟನ್ ಮೀಟರ್ ಬಿಗಿತ ಸಾಕಷ್ಟಾಯಿತು. ಉದ್ದ ಹಿಡಿಕೆಯ ಪಾನಾ ಹಿಡಿಯಬೇಡಿ.

10. ತಣ್ಣಗಿನ ಎಂಜಿನ್, ಬಿಚ್ಚಿದ ಬ್ಯಾಟರಿ

ಕೆಲಸ ಶುರುವಾಗುವುದು ಹೀಗೆ, ಬೇರೆ ರೀತಿಯಲ್ಲಲ್ಲ. ಸ್ವಿಚ್ ತೆಗೆದಾಗ ಎಣ್ಣೆ ಸುರಿದೀತೆಂಬ ಹೆದರಿಕೆ ಬೇಡ. ಎಂಜಿನ್ ನಿಂತು ಸ್ವಲ್ಪ ಹೊತ್ತಾಗಿದ್ದರೆ ನಾಲ್ಕಾರು ಹನಿ ಬೀಳುತ್ತದೆ. ಕೆಳಗೊಂದು ಬಟ್ಟೆ ಹಾಸಿ.

11. ಹೋಸ್ ಮತ್ತು ವೈರಿಗೆ ದಾರಿ ಹುಡುಕಿ

ಎಕ್ಸಾಸ್ಟ್ ಮ್ಯಾನಿಫೋಲ್ಡ್, ಫ್ಯಾನ್, ಬೆಲ್ಟ್, ಗೇರ್ ಲಿಂಕೇಜ್, ಸ್ಟೀರಿಂಗ್ ಕಾಲಂ: ಇವುಗಳಿಂದ ದೂರ. ಸ್ಟೀಲ್ ಹೆಣಿಗೆ ಅರದಂತೆ ಕೆಲಸ ಮಾಡಿ ಪಕ್ಕದ ವೈರುಗಳ ಪ್ಲಾಸ್ಟಿಕ್ ಸವೆಸಿಬಿಡುತ್ತದೆ, ಅದರ ಮೇಲೊಂದು ಸ್ಲೀವ್ ಹಾಕಿ. ಫೈರ್‌ವಾಲ್‌ನಲ್ಲಿ ಈಗಾಗಲೇ ವೈರುಗಳು ಹೋಗುವ ರಬ್ಬರ್ ಗ್ರಾಮೆಟ್ ಇರುತ್ತದೆ. ಅದರಲ್ಲೇ ಜಾಗ ಮಾಡಿಕೊಳ್ಳಿ. ಹೊಸ ತೂತು ಕೊರೆಯಲೇಬೇಕಾದರೆ ಅಂಚಿಗೆ ಬಣ್ಣ ಬಳಿದು ಗ್ರಾಮೆಟ್ ತೊಡಿಸಿ. ಬರಿ ತಗಡಿನ ಅಂಚು ವೈರನ್ನು ಕೊಯ್ದು ಶಾರ್ಟ್ ಮಾಡಿಸುತ್ತದೆ, ಕರಾವಳಿಯ ಗಾಡಿಯಾದರೆ ಅಲ್ಲಿಂದಲೇ ತುಕ್ಕೂ ಹಿಡಿಯುತ್ತದೆ.

12. ಕರೆಂಟ್: ಕೀ ತಿರುಗಿಸಿದಾಗ ಮಾತ್ರ, ಫ್ಯೂಸ್ ಮೂಲಕ ಮಾತ್ರ

ಮೀಟರಿಗೆ ನಾಲ್ಕು ವೈರು. ಇಗ್ನಿಷನ್ ಆನ್ ಆದಾಗ 12 ವೋಲ್ಟ್ ಬರುವ ಜಾಗದಿಂದ ಒಂದು, ನಡುವೆ 2 ಅಥವಾ 3 ಆಂಪಿಯರ್ ಫ್ಯೂಸ್. ಪಾರ್ಕಿಂಗ್ ದೀಪದ ಲೈನಿನಿಂದ ಒಂದು, ಒಳಗಿನ ಬೆಳಕಿಗೆ. ಅರ್ಥಿಂಗ್‌ಗೆ ಒಂದು. ಸೆಂಡರಿಗೆ ಒಂದು. ಫ್ಯೂಸ್ ಬಾಕ್ಸಿಗೆ ಸಿಕ್ಕಿಸುವ ಫ್ಯೂಸ್ ಟ್ಯಾಪ್ ಬಳಸಿದರೆ ಕಂಪನಿಯ ವೈರನ್ನು ಹೆರೆದು ಸುತ್ತುವ ಪ್ರಮೇಯವೇ ಬರುವುದಿಲ್ಲ, ವಾರಂಟಿ ಇರುವ ಗಾಡಿಯಲ್ಲಿ ಜಗಳಕ್ಕೂ ಆಸ್ಪದ ಕಡಿಮೆ. ಹಳದಿ ಸ್ಲೀವ್ ಅಥವಾ ಹಳದಿ ಕನೆಕ್ಟರ್ ಇರುವ ವೈರುಗಳು ಏರ್‌ಬ್ಯಾಗಿನವು. ಅವನ್ನು ಮುಟ್ಟಬಾರದು.

ಅರ್ಥಿಂಗ್ ಬಗ್ಗೆ ಒಂದು ಎಚ್ಚರ. ಒಂದೇ ಟರ್ಮಿನಲ್ಲಿನ ಸೆಂಡರ್ ತನ್ನ ಮೈಯಿಂದಲೇ ಅರ್ಥ್ ಪಡೆಯುತ್ತದೆ. ಬ್ಲಾಕಿನಲ್ಲಿ ಕೂತಾಗ ಅದು ತಾನಾಗಿ ಸಿಗುತ್ತಿತ್ತು. ಆರನೇ ಸೂತ್ರದಂತೆ ಬ್ರಾಕೆಟ್ಟಿಗೆ ಸ್ಥಳಾಂತರಿಸಿದ ಮೇಲೆ ಬಣ್ಣದ ತಗಡು ಅಡ್ಡ ಬರುತ್ತದೆ. ಸೆಂಡರಿನ ಮೈಗೆ ಕ್ಲಿಪ್ ಹಾಕಿ ಎಂಜಿನ್ ಬ್ಲಾಕಿಗೆ ಪ್ರತ್ಯೇಕ ವೈರು ಎಳೆಯಿರಿ. ಹೋಸಿನ ಸ್ಟೀಲ್ ಹೆಣಿಗೆಯೇ ಆ ಕೆಲಸ ಮಾಡುತ್ತದೆಂದು ಬಿಡಬೇಡಿ.

13. ಮೀಟರ್ ಕೂರುವ ಜಾಗ

ಮುಂಗಾಜಿನ ಪಕ್ಕದ ಕಂಬದ ಮೇಲೆ ಮೀಟರ್ ಕೂರಿಸುವುದು ನೋಡಲು ಚೆಂದ. ಆದರೆ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅಲ್ಲಿ ಏನನ್ನೂ ಕೂರಿಸಬಾರದು. ಅಪಘಾತದಲ್ಲಿ ಏರ್‌ಬ್ಯಾಗ್ ಉಬ್ಬುವ ರಭಸಕ್ಕೆ ಮೀಟರ್ ಮುಖಕ್ಕೆ ಬಡಿಯುತ್ತದೆ. ಜಿಪ್ಸಿಯಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಬ್ರಾಕೆಟ್ ಹಾಕಲು ಧಾರಾಳ ಜಾಗವಿದೆ.

ರೇಸಿನವರ ಅಭ್ಯಾಸವೊಂದು ಅನುಕರಣೆಗೆ ಯೋಗ್ಯ. ಬಿಸಿ ಎಂಜಿನ್ ಮಾಮೂಲಿ ವೇಗದಲ್ಲಿ ಓಡುವಾಗ ಮುಳ್ಳು ನೇರ ಮೇಲಕ್ಕೆ ನಿಲ್ಲುವಂತೆ ಮೀಟರನ್ನೇ ತಿರುಗಿಸಿ ಕೂರಿಸುತ್ತಾರೆ. ಅಂಕಿ ಓದುವ ಅಗತ್ಯವಿಲ್ಲ. ಮುಳ್ಳು ಓರೆಯಾದರೆ ಕಣ್ಣಂಚಿಗೇ ಗೊತ್ತಾಗುತ್ತದೆ.

14. ಮೊದಲ ಸ್ಟಾರ್ಟ್ ನಿಧಾನ

ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತು, ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಹತ್ತು ಸೆಕೆಂಡು ಮೀರದಂತೆ. ಹೋಸ್ ತುಂಬಿ ಮುಳ್ಳು ಏಳುತ್ತದೆ. ಏಳದಿದ್ದರೆ ಸ್ಟಾರ್ಟರಿಗೆ ಒಂದು ನಿಮಿಷ ಬಿಡುವು ಕೊಟ್ಟು ಮತ್ತೆ. ಮುಳ್ಳು ಎದ್ದ ಮೇಲೆಯೇ ಫ್ಯೂಸ್ ಹಾಕಿ ಎಂಜಿನ್ ಚಾಲೂ ಮಾಡಿ. ಒಬ್ಬರು ಒಳಗೆ, ಇನ್ನೊಬ್ಬರು ಬಾನೆಟ್ ಬಳಿ ಟಾರ್ಚ್ ಹಿಡಿದು. ಎಲ್ಲ ಜೋಡಣೆಗಳನ್ನೂ ಬಿಳಿ ಟಿಶ್ಯೂ ಕಾಗದದಿಂದ ಒತ್ತಿ ನೋಡಿ, ಜಿನುಗು ಕಣ್ಣಿಗಿಂತ ಮೊದಲು ಕಾಗದಕ್ಕೆ ಕಾಣುತ್ತದೆ. ಗಾಡಿ ಓಡಿಸಿ ಬಂದು ಬಿಸಿಯಲ್ಲೊಮ್ಮೆ, 100 ಕಿ.ಮೀ. ಆದ ಮೇಲೊಮ್ಮೆ, ಆಮೇಲೆ ಪ್ರತಿ ಆಯಿಲ್ ಬದಲಾವಣೆಗೆ ಇದೇ ಪರೀಕ್ಷೆ.

15. ನಿಮ್ಮ ಗಾಡಿಯ ಸ್ವಂತ ಅಂಕಿಗಳನ್ನು ಬರೆದಿಟ್ಟುಕೊಳ್ಳಿ

ಮೀಟರಿನ ಬೆಲೆ ಇರುವುದೇ ಇಲ್ಲಿ. ‘ಎಷ್ಟಿರಬೇಕು?’ ಎಂಬ ಪ್ರಶ್ನೆಗೆ ಗ್ಯಾರೇಜುಗಳಲ್ಲಿ ಸಿಗುವ ಉತ್ತರ, ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ. ಸ್ಥೂಲ ಅಂದಾಜಿಗೆ ಸರಿ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ 10ರಿಂದ 25 ಇರುವುದು ಹಲವು ಕಾರುಗಳಲ್ಲಿ ಸಹಜ. ಖಚಿತ ಅಂಕಿ ಬೇಕಾದರೆ ಸರ್ವಿಸ್ ಕೈಪಿಡಿಯನ್ನೇ ನೋಡಬೇಕು. ಆದರೆ ಎಲ್ಲಕ್ಕಿಂತ ಉಪಯುಕ್ತವಾದದ್ದು ನಿಮ್ಮದೇ ಎಂಜಿನ್ ಇವತ್ತು ಎಷ್ಟು ತೋರಿಸುತ್ತಿದೆ ಎಂಬುದು. ಹೋದ ವರ್ಷ ಬಿಸಿ ಐಡ್ಲಿಂಗ್‌ನಲ್ಲಿ 22 ಇದ್ದದ್ದು ಈ ವರ್ಷ ಅದೇ ಎಣ್ಣೆಯಲ್ಲಿ 14 ಆಗಿದ್ದರೆ, ಎರಡೂ ಅಂಕಿ ‘ಸಹಜ’ವೇ ಆಗಿದ್ದರೂ, ನಡುವೆ ಏನೋ ನಡೆದಿದೆ.

ಆಯಿಲ್ ಬದಲಿಸಿದ ವಾರ ಅಂಕಿಗಳನ್ನು ತೆಗೆದುಕೊಳ್ಳಿ: ಐಡ್ಲಿಂಗ್, 2,000, 3,000. ಎಂಜಿನ್ ನಿಜಕ್ಕೂ ಕಾದಿರಬೇಕು. ನೀರಿನ ಟೆಂಪರೇಚರ್ ಮುಳ್ಳು ಬೇಗ ಮೇಲೆ ಬರುತ್ತದೆ, ಎಣ್ಣೆ ಕಾಯಲು ಅದಕ್ಕಿಂತ ಬಹಳ ಹೊತ್ತು ಬೇಕು. ಆದ್ದರಿಂದ 20 ಕಿ.ಮೀ. ಆದರೂ ಓಡಿಸಿದ ಮೇಲೆ ನೋಡಿ. ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಕೆಳ ಗೇರಿನಲ್ಲಿ ಹತ್ತಿ, ಮೇಲೆ ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಲ್ಲಿಸಿದಾಗ ಐಡ್ಲಿಂಗ್‌ನಲ್ಲಿ ಕಾಣುವ ಅಂಕಿಯಿದೆಯಲ್ಲ, ಅದು ನಿಮ್ಮ ಎಂಜಿನ್‌ನ ನಿಜವಾದ ಕನಿಷ್ಠ. ಅದನ್ನು ದಿನಾಂಕ, ಕಿಲೋಮೀಟರ್, ಎಣ್ಣೆಯ ದರ್ಜೆ ಸಮೇತ ಸರ್ವಿಸ್ ಪುಸ್ತಕದಲ್ಲಿ ಬರೆಯಿರಿ. ದರ್ಜೆ ಬರೆಯದಿದ್ದರೆ ಹೋಲಿಕೆಗೆ ಅರ್ಥವಿಲ್ಲ. 20ಡಬ್ಲ್ಯೂ-50 ಹಾಕಿದ ಎಂಜಿನ್ 5ಡಬ್ಲ್ಯೂ-30ಕ್ಕೆ ಬದಲಾದರೆ ಬಿಸಿಯಲ್ಲಿ ಮುಳ್ಳು ಇಳಿಯುವುದು ಸಹಜ.

ಇತ್ತೀಚಿನ ಕೆಲವು ಎಂಜಿನ್‌ಗಳಲ್ಲಿ ಪಂಪಿನ ಒತ್ತಡವನ್ನು ಕಂಪ್ಯೂಟರೇ ಎರಡು ಹಂತದಲ್ಲಿ ಬದಲಿಸುತ್ತದೆ. ಅಲ್ಲಿ ಮುಳ್ಳು ತಟಕ್ಕನೆ ಜಿಗಿದರೆ ಗಾಬರಿ ಬೇಡ.

16. ಮುಳ್ಳಿನ ಮಾತನ್ನು ಓದಲು ಕಲಿಯಿರಿ

ಬೆಳಗಿನ ಚಳಿಯಲ್ಲಿ 70–80 ತೋರಿಸಿ ಕ್ರಮೇಣ ಇಳಿದರೆ ಅದು ಆರೋಗ್ಯ. ತಿಂಗಳುಗಳಲ್ಲಿ ಮೆಲ್ಲಗೆ ಇಳಿಯುತ್ತಿದ್ದರೆ ಎಣ್ಣೆಗೆ ಪೆಟ್ರೋಲ್ ಸೇರುತ್ತಿದೆಯೇ ಎಂದು ಡಿಪ್‌ಸ್ಟಿಕ್ ಮೂಸಿ ನೋಡಿ. ಇಲ್ಲದಿದ್ದರೆ ಬೇರಿಂಗ್ ಸವೆತ. ತಿರುವಿನಲ್ಲೋ ಜೋರು ಬ್ರೇಕ್ ಹಾಕಿದಾಗಲೋ ಮಾತ್ರ ಕುಸಿದು ಏಳುತ್ತಿದ್ದರೆ ಚೇಂಬರಿನಲ್ಲಿ ಎಣ್ಣೆ ಕಡಿಮೆಯಿದೆ, ಒಂದು ಬದಿಗೆ ಸರಿದಾಗ ಪಂಪು ಗಾಳಿ ಹೀರುತ್ತಿದೆ. ವೇಗ ಹೆಚ್ಚಿಸಿದರೂ ಏರದಿದ್ದರೆ ಪಂಪಿನ ಬಾಯಿಯ ಜರಡಿಗೆ, ಅಂದರೆ ಸ್ಟ್ರೈನರ್‌ಗೆ, ಕೆಸರು ಕಟ್ಟಿರಬಹುದು, ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಬಿಸಿಯಲ್ಲೂ ವಿಪರೀತ ಹೆಚ್ಚಿದ್ದರೆ ಅದೇ ವಾಲ್ವ್ ಮುಚ್ಚಿ ಸಿಕ್ಕಿಕೊಂಡಿದೆ.

ಇಳಿದ ಒತ್ತಡವನ್ನು ದಪ್ಪ ಎಣ್ಣೆ ಸುರಿದು ಏರಿಸುವ ಸಲಹೆ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಬೇಡ. ಮುಳ್ಳು ಏರುತ್ತದೆ, ಸವೆತ ಅಲ್ಲೇ ಇರುತ್ತದೆ. ಜೊತೆಗೆ ಬೆಳಗಿನ ಸ್ಟಾರ್ಟಿನಲ್ಲಿ ಎಣ್ಣೆ ಮೇಲಿನ ಕ್ಯಾಮ್‌ಶಾಫ್ಟ್ ತಲುಪುವುದು ತಡವಾಗುತ್ತದೆ.

ವೈರಿನ ತೊಂದರೆಗೂ ಗುರುತುಗಳಿವೆ. 10–180 ಓಮ್ ಮೀಟರಿನಲ್ಲಿ ಸೆಂಡರ್ ವೈರು ತುಂಡಾದರೆ ಮುಳ್ಳು ತುತ್ತತುದಿಗೆ ಹೋಗಿ ನಿಲ್ಲುತ್ತದೆ, ಬಾಡಿಗೆ ತಾಗಿ ಶಾರ್ಟ್ ಆದರೆ ಸೊನ್ನೆ. 240–33ರಲ್ಲಿ ಇದರ ತದ್ವಿರುದ್ಧ.

17. ಮುಳ್ಳು ಒಮ್ಮೆಲೇ ಬಿದ್ದರೆ ಯೋಚಿಸಬೇಡಿ, ಆಫ್ ಮಾಡಿ

ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಎಡಕ್ಕೆ ಎಳೆದುಕೊಂಡು ಎಂಜಿನ್ ನಿಲ್ಲಿಸಿ. ಬ್ರೇಕು, ಸ್ಟೀರಿಂಗ್ ಪವರ್ ಇಲ್ಲದೆ ಗಡುಸಾಗುತ್ತವೆ, ಆದ್ದರಿಂದ ಇನ್ನೂ ಉರುಳುತ್ತಿರುವಾಗ ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಸ್ಟೀರಿಂಗ್ ಲಾಕ್ ಮಾಡಿಕೊಳ್ಳಬೇಡಿ. ನಿಂತ ಮೇಲೆ ಗಾಡಿಯ ಕೆಳಗೆ ನೋಡಿ, ಡಿಪ್‌ಸ್ಟಿಕ್ ನೋಡಿ. ಎಣ್ಣೆ ಸೋರಿದ್ದರೆ ಕಾರಣ ಕಂಡಂತಾಯಿತು. ಎಣ್ಣೆ ಸರಿಯಿದ್ದು, ಸೋರಿಕೆಯಿಲ್ಲದೆ, ಟ್ಯಾಪೆಟ್ ಸದ್ದೂ ಬಂದಿರದಿದ್ದರೆ ಸೆಂಡರೋ ವೈರೋ ಕೈಕೊಟ್ಟಿರುವ ಸಾಧ್ಯತೆ ಇದೆ. ಆದರೂ ‘ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ’ ಎನ್ನುವುದಕ್ಕಿಂತ ಮೊದಲು ಸೆಂಡರ್ ಬಿಚ್ಚಿ, ಟೂಲ್ ಬಾಕ್ಸಿನ ಮೆಕ್ಯಾನಿಕಲ್ ಮೀಟರನ್ನು ಆ ಜಾಗಕ್ಕೆ ಹಾಕಿ, ಫ್ಯೂಯೆಲ್ ಫ್ಯೂಸ್ ಕಿತ್ತು ಸೆಲ್ಫ್ ಹೊಡೆಯಿರಿ. ಅದರಲ್ಲಿ ಮುಳ್ಳು ಎದ್ದರೆ ಫ್ಯೂಸ್ ಹಾಕಿ ಎಂಜಿನ್ ಚಾಲೂ ಮಾಡಿ, ಬರೆದಿಟ್ಟ ಅಂಕಿಗೆ ತಾಳೆ ನೋಡಿ. ಸರಿಹೋದರೆ ಹೊಸ ಸೆಂಡರ್ ತಂದರಾಯಿತು. ಏಳದಿದ್ದರೆ ಟೋಯಿಂಗ್‌ಗೆ ಫೋನ್ ಮಾಡಿ, ಗ್ಯಾರೇಜಿನಲ್ಲಿ ಮೊದಲು ಚೇಂಬರ್ ಇಳಿಸಿ ಸ್ಟ್ರೈನರ್ ನೋಡಲು ಹೇಳಿ.